ಎಂಪಿಮ್ಯಾಥ್: ಕೊನೆಯ ಅಂಕಿಯನ್ನೂ ಒರೆಗೆ ಹಚ್ಚುವ ಲೈಬ್ರರಿ

ಗಾಮಾ, ಬೆಸೆಲ್ ಥರದ ಗಣಿತದ ಫಂಕ್ಷನ್‌ಗಳ ಕೋಡ್ ಅನ್ನು ತಾವೇ ಬರೆಯುವವರಿಗೆ ಎಂಪಿಮ್ಯಾಥ್‌ನಷ್ಟು ಸುಲಭಕ್ಕೆ ಸಿಗುವ ಒರೆಗಲ್ಲು ಅಪರೂಪ. ಫ್ರೆಡ್ರಿಕ್ ಯೋಹಾನ್ಸನ್ 2007ರಲ್ಲಿ ಶುರುಮಾಡಿದ, ಬೇಕಾದಷ್ಟು ಅಂಕಿಗಳವರೆಗೆ ಲೆಕ್ಕ ಹಾಕುವ ಈ ಪೈಥಾನ್ ಲೈಬ್ರರಿ ಉಚಿತ. ವೈಜ್ಞಾನಿಕ ಲೆಕ್ಕಗಳ ಲೈಬ್ರರಿ ಸೈಪೈ ಕೂಡ ತನ್ನ ವಿಶೇಷ ಫಂಕ್ಷನ್‌ಗಳ ಟೆಸ್ಟ್‌ಗಳಲ್ಲಿ ಇದನ್ನು ಬಳಸುತ್ತದೆ.

ಇನ್‌ಸ್ಟಾಲ್ ಆದಾಗ ನಿಖರತೆ 15 ಅಂಕಿಗೆ ನಿಂತಿರುತ್ತದೆ, ಅಂದರೆ ಕಂಪ್ಯೂಟರಿನ ಮಾಮೂಲಿ 64-ಬಿಟ್ ದಶಮಾಂಶ ಸಂಖ್ಯೆಯಾದ ಡಬಲ್‌ನಷ್ಟೇ (ಪೈಥಾನ್‌ನಲ್ಲಿ ಇದರ ಹೆಸರು ಫ್ಲೋಟ್). ಮೊದಲು ಎಷ್ಟು ಅಂಕಿ ಬೇಕೆಂದು ಹೇಳುವ ಡಿಪಿಎಸ್ ಅನ್ನು 50ಕ್ಕೆ ಏರಿಸಿ. ಇಲ್ಲವಾದರೆ ತಪ್ಪು ಯಾರದ್ದೆಂದು ಗೊತ್ತಾಗುವುದೇ ಇಲ್ಲ.

ಬಹಳ ಜನ ಎಡವುವುದು ಇನ್‌ಪುಟ್‌ನಲ್ಲಿ. ಡಬಲ್‌ನಲ್ಲಿರುವ ಪೈ ನಿಜವಾದ ಪೈಗಿಂತ ತುಸು ಕಡಿಮೆ. ಅದರ ಸೈನ್ ಸೊನ್ನೆಯಲ್ಲ, 1.2246467991473532×10⁻¹⁶, ಇದೇ ಸರಿಯುತ್ತರ. ಎಂಪಿಮ್ಯಾಥ್‌ನ ಸ್ವಂತ ಪೈ ಹಾಕಿ ಹೋಲಿಸಿದರೆ ಉತ್ತರ ಸೊನ್ನೆಗೆ ತೀರಾ ಹತ್ತಿರ ಬರುತ್ತದೆ, ನಿಮ್ಮ ಸರಿಯಾದ ಸೈನ್ ಮೇಲೆ ಸುಮ್ಮನೆ ಗೂಬೆ ಕೂರಿಸಿದಂತಾಗುತ್ತದೆ. ಹಾಗಾಗಿ ನಿಮ್ಮ ಫಂಕ್ಷನ್‌ಗೆ ಕೊಟ್ಟ ಅದೇ ಫ್ಲೋಟ್ ಅನ್ನು ಎಂಪಿಮ್ಯಾಥ್‌ನ ಸಂಖ್ಯಾರೂಪವಾದ ಎಂಪಿಎಫ್‌ಗೆ ಕೊಡಿ. ಕೋಟ್ಸ್ ಒಳಗೆ 0.1 ಎಂದು ಬರೆದರೂ ಇದೇ ಗೋಳು: ಎಂಪಿಎಫ್ ಅದನ್ನು 0.1 ಎಂದೇ ಓದುತ್ತದೆ, ಫ್ಲೋಟ್‌ನಲ್ಲಿ ಇರುವುದು 0.1000000000000000055.

ದೋಷದ ಲೆಕ್ಕವನ್ನೂ ಎಂಪಿಮ್ಯಾಥ್ ಒಳಗೇ ಮಾಡಿ. ವ್ಯತ್ಯಾಸವನ್ನು ಸರಿಯುತ್ತರದಿಂದ ಭಾಗಿಸಿ. ಯುಎಲ್‌ಪಿ (ಪಕ್ಕಪಕ್ಕದ ಎರಡು ಫ್ಲೋಟ್‌ಗಳ ನಡುವಿನ ಅಂತರ) ಬೇಕಿದ್ದರೆ ಪೈಥಾನ್ 3.9ರಿಂದ ಮ್ಯಾಥ್ ಮಾಡ್ಯೂಲ್‌ನಲ್ಲೇ ಅದಕ್ಕೊಂದು ಫಂಕ್ಷನ್ ಇದೆ. ಎರಡು ಉತ್ತರ ಹತ್ತಿರವಿವೆಯೇ ಎಂದು ನೋಡುವ, ನಂಪೈ ಲೈಬ್ರರಿಯ ಆಲ್‌ಕ್ಲೋಸ್ ನಂಬಿ ಕೂರಬೇಡಿ. ಅದರ ಡೀಫಾಲ್ಟ್ ಎಟೋಲ್, ಅಂದರೆ ಅದು ಸಹಿಸುವ ನೇರ ವ್ಯತ್ಯಾಸ, 10⁻⁸. ಎಕ್ಸ್ 10⁻¹⁰ ಇದ್ದಾಗ ಎಕ್ಸ್‌ಪೊನೆನ್ಷಿಯಲ್‌ನಿಂದ 1 ಕಳೆದರೆ ಡಬಲ್‌ನಲ್ಲಿ 1.00000008×10⁻¹⁰ ಬರುತ್ತದೆ, ಸರಿಯುತ್ತರ 1.00000000005×10⁻¹⁰. ಎಂಟನೇ ದಶಮಾಂಶ ಸ್ಥಾನದಲ್ಲೇ ಕೆಟ್ಟ ಈ ಉತ್ತರವನ್ನು ಆಲ್‌ಕ್ಲೋಸ್ ಪಾಸ್ ಮಾಡುತ್ತದೆ. ಅಷ್ಟೇಕೆ, ಬರೀ ಸೊನ್ನೆ ಕೊಟ್ಟರೂ ಪಾಸ್! ನಂಪೈನದೇ ಟೆಸ್ಟ್ ಫಂಕ್ಷನ್ ಅಸರ್ಟ್ ಆಲ್‌ಕ್ಲೋಸ್‌ನ ಎಟೋಲ್ ಸೊನ್ನೆ, ಅದು ವಾಸಿ; ಆದರೆ ಅದರ ಆರ್‌ಟೋಲ್ (ಸಹಿಸುವ ಸಾಪೇಕ್ಷ ವ್ಯತ್ಯಾಸ) 10⁻⁷ ಇರುವುದರಿಂದ ಈ ತಪ್ಪು ಅಲ್ಲೂ ನುಸುಳುತ್ತದೆ. ಆರ್‌ಟೋಲ್ ಅನ್ನು 10⁻¹⁵ರ ಆಸುಪಾಸಿಗೆ ಇಳಿಸಿ.

ಕೊರತೆಗಳೂ ಇವೆ. ಉತ್ತರದ ಜೊತೆ ದೋಷದ ಮಿತಿಯನ್ನು ಇದು ಖಾತರಿಯಾಗಿ ಹೇಳುವುದಿಲ್ಲ. 50 ಅಂಕಿಯಲ್ಲೊಮ್ಮೆ, 80ರಲ್ಲೊಮ್ಮೆ ಓಡಿಸಿ, ಮೊದಲ 30 ಅಂಕಿ ತಾಳೆಯಾದರೆ ಮಾತ್ರ ಒಪ್ಪಿ. ಅನುಮಾನ ಉಳಿದರೆ ದೋಷದ ಮಿತಿಯನ್ನೂ ಜೊತೆಗೇ ಕೊಡುವ ಪೈಥಾನ್-ಫ್ಲಿಂಟ್ ಲೈಬ್ರರಿಗೆ ಹೋಗಿ. ಹೈಪರ್‌ಜಿಯೊಮೆಟ್ರಿಕ್ ಫಂಕ್ಷನ್‌ಗಳು ದೊಡ್ಡ ಪ್ಯಾರಾಮೀಟರ್‌ಗಳಿಗೆ ತೆವಳುತ್ತವೆ, ಕೆಲವೊಮ್ಮೆ ಲೆಕ್ಕ ಒಂದು ಉತ್ತರಕ್ಕೆ ಬಂದು ನಿಲ್ಲಲಿಲ್ಲ ಎನ್ನುವ ನೋಕನ್ವರ್ಜೆನ್ಸ್ ಎರರ್ ಕೊಟ್ಟು ನಿಲ್ಲುತ್ತವೆ. ದೊಡ್ಡ ಸಂಖ್ಯೆಗಳ ಲೆಕ್ಕವನ್ನು ಬೇಗ ಮಾಡುವ ಜಿಎಂಪಿವೈ2 ಲೈಬ್ರರಿ ಹಾಕಿದರೆ ವೇಗ ಕೊಂಚ ಸುಧಾರಿಸುತ್ತದೆ. ಆದರೂ ಪ್ರತಿ ಟೆಸ್ಟ್‌ಗೂ ಇದನ್ನು ಓಡಿಸುವುದು ಬೇಡ. ಇನ್‌ಪುಟ್‌ಗಳನ್ನು ಹೆಕ್ಸ್ ರೂಪದಲ್ಲಿ, ಉತ್ತರಗಳನ್ನು 25 ಅಂಕಿಗಳಲ್ಲಿ ಒಂದು ಫೈಲ್‌ಗೆ ಬರೆದಿಟ್ಟುಕೊಂಡು ಅದನ್ನೇ ಓದಿಸಿ.