ರಾಜಕೀಯದ ಕೂಗಿಗೆ ವೇದಿಕೆಯಿಂದಲೇ ಉತ್ತರವೋ, ಆಟ ಮುಗಿದ ಮೇಲೋ?

ನಾಟಕದ ನಡುವೆ ಪ್ರೇಕ್ಷಕರಲ್ಲಿ ಯಾರಾದರೂ ರಾಜಕೀಯದ ಮಾತು ಕೂಗಿದರೆ ನಟ ಏನು ಮಾಡಬೇಕು? ದಾವಣಗೆರೆಯ ಹವ್ಯಾಸಿ ನಟರೊಬ್ಬರ ಪ್ರಶ್ನೆ ಇದು.

ಪಾತ್ರ ಕೆಡಬಾರದು ಅಂದರೆ ಮುಗಿದ ಮೇಲೆ ಮಾತಾಡುವುದೇ ವಾಸಿ. ಕಂಪನಿ ನಾಟಕದ ಹಾಸ್ಯಗಾರನಿಗೆ ಮಾತ್ರ ವಿನಾಯಿತಿ. ಸಭೆಯನ್ನು ಮಾತಿಗೆಳೆಯುವುದೇ ಅವನ ಕೆಲಸ, ಒಂದು ಚಟಾಕಿ ಸಾಕು. ಅದು ಪಕ್ಷದ ಮೇಲಿರಲಿ, ಕೂಗಿದವರ ಜಾತಿ, ಬಟ್ಟೆಯ ಮೇಲೆ ಬೇಡ.

ಇನ್ನು ಬಲದ ಮಾತು. ಮೈಕು ನಿಮ್ಮ ಬಳಿಯಿದೆ, ಕೂಗಿದವರ ಬಳಿಯಿಲ್ಲ. ಅದು ಸಮನಾದ ಜಗಳವಲ್ಲ, ಅಲ್ವಾ? ಸಾಣೇಹಳ್ಳಿಯ ಬಯಲು ರಂಗಮಂದಿರದಂಥ ದೊಡ್ಡ ಜಾಗದಲ್ಲಿ ಹಿಂದೆ ಕೂತವರಿಗೆ ಕೂಗಿದವರ ಮಾತು ಕೇಳಿಸದು, ನಿಮ್ಮ ಸಿಟ್ಟು ಮಾತ್ರ ಕೇಳಿಸುತ್ತದೆ.

ಬೀದಿ ನಾಟಕದ ಲೆಕ್ಕವೇ ಬೇರೆ. ದಾವಣಗೆರೆಯ ಜಯದೇವ ಸರ್ಕಲ್‌ನಲ್ಲಿ ನಿಂತು ನೋಡುವವರು ಟಿಕೆಟ್ ಕೊಂಡವರಲ್ಲ, ಮುಗಿದ ಮೇಲೆ ಕಾಯುವವರೂ ಅಲ್ಲ. ಅಲ್ಲೇ ಉತ್ತರಿಸಿ. ಹೊಡೆಯಲು ಕೈ ಎತ್ತುವ ಹಂತಕ್ಕೆ ಬಂದರೆ ಮಾತ್ರ ಸುಮ್ನೆ ಸಂಘಟಕರಿಗೆ ಬಿಡಿ.