ಕೊನೆಯ ರ‍್ಯಾಕ್: ಹೊಡೆಯೋದಾ, ಸೇಫ್ಟಿ ಆಡೋದಾ?

ನೈನ್‌ಬಾಲ್ ಪೂಲ್ (ಮೇಜಿನ ಮೇಲೆ ಕೋಲಿನಿಂದ ಚೆಂಡು ಹೊಡೆದು ಕುಳಿಗೆ ಬೀಳಿಸುವ ಆಟ) ಪಂದ್ಯ ಸಮಸಮ, ಉಳಿದಿರುವುದು ಒಂದೇ ಸುತ್ತು, ಅಂದರೆ ಒಂದೇ ರ‍್ಯಾಕ್. ಎದುರಿಗೆ ಕಷ್ಟದ ಶಾಟ್.

ಹೊಡೆದು ಚೆಂಡು ಬಿದ್ದರೆ ಆಟ ನಿಮ್ಮ ಕೈಯಲ್ಲೇ ಉಳಿಯುತ್ತದೆ. ಆದರೆ ಒತ್ತಡ ಮೊದಲು ಹಿಡಿಯುವುದು ಕೈಯನ್ನೇ. ಹಿಂದಿನ ಕೈ ಕ್ಯೂ ಕೋಲನ್ನು ಬಿಗಿಯಾಗಿ ಹಿಡಿಯುತ್ತದೆ, ಹೊಡೆತ ಮುಗಿಯುವ ಮುಂಚೆಯೇ ತಲೆ ಮೇಲೇಳುತ್ತದೆ. ತೆಳುವಾದ ಕಟ್ (ಚೆಂಡಿನ ಅಂಚಿಗಷ್ಟೇ ತಗಲಿಸುವ ಹೊಡೆತ) ತಪ್ಪೋದು ಅಲ್ಲೇ.

ಸೇಫ್ಟಿ ಅಂದರೆ ಎದುರಾಳಿಗೆ ನೇರ ಹೊಡೆತ ಸಿಗದಂತೆ ಬಿಳಿ ಚೆಂಡನ್ನು ಬೇರೆ ಚೆಂಡಿನ ಮರೆಯಲ್ಲಿ ನಿಲ್ಲಿಸುವುದು. ಅದು ಸುಲಭ ಅಂತಾರೆ, ನಾನು ಒಪ್ಪುವುದಿಲ್ಲ. ವೇಗ ಸ್ವಲ್ಪ ಜಾಸ್ತಿಯಾದರೂ ಬಿಳಿ ಚೆಂಡು ಮರೆಯಿಂದ ಹೊರಗೆ ಬರುತ್ತದೆ. ತೀರಾ ಮೆಲ್ಲಗೆ ಹೊಡೆದು, ಬಿಳಿ ಚೆಂಡು ಗುರಿಯ ಚೆಂಡಿಗೆ ತಗಲಿದ ಮೇಲೆ ಯಾವ ಚೆಂಡೂ ರೈಲ್ (ಮೇಜಿನ ಅಂಚು) ಮುಟ್ಟದಿದ್ದರೆ ಫೌಲ್. ಆಗ ಎದುರಾಳಿ ಬಿಳಿ ಚೆಂಡನ್ನು ಬೇಕಾದಲ್ಲಿ ಇಟ್ಟು ಆಡುತ್ತಾರೆ. ಸೇಫ್ಟಿ ಸರಿಯಾಗಿ ಕೂತರೆ ಮಾತ್ರ ಒತ್ತಡ ಪೂರ್ತಿ ಅವರದು.

ಅಭ್ಯಾಸದಲ್ಲಿ 10ಕ್ಕೆ 7 ಸಲ ಬೀಳೋ ಶಾಟ್ ಆದರೆ ಉಸಿರು ಪೂರ್ತಿ ಬಿಟ್ಟು, ಬಗ್ಗಿ ಹೊಡೆಯಿರಿ. ಬಗ್ಗಿದ ಮೇಲೂ ಅನುಮಾನವಿದ್ದರೆ ಎದ್ದು ನಿಂತು ಸೇಫ್ಟಿ ಆಡಿ.