ಅರ್ಕ ಸೂರ್ಯಮುಖಿ ಕುಂಬಳದ ಬೀಜ: ಮಲೆನಾಡಿನ ಹಿತ್ತಲಿಗೆ ಎಷ್ಟು ಒಗ್ಗುತ್ತದೆ?

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಸಿಹಿಗುಂಬಳದ ತಳಿಗಳಲ್ಲಿ ಅರ್ಕ ಸೂರ್ಯಮುಖಿಯನ್ನು ತೀರ್ಥಹಳ್ಳಿ ಸೀಮೆಯ ನಮ್ಮ ಹಿತ್ತಲಿಗೆ ಆರಿಸಿಕೊಳ್ಳಲು ಮುಖ್ಯ ಕಾರಣ ಅದಕ್ಕಿರುವ ಹಣ್ಣುನೊಣ ನಿರೋಧಕ ಗುಣ. ಮಳೆಗಾಲದಲ್ಲಿ ಈ ನೊಣ ಎಳೆಯ ಚೀನಿಕಾಯಿಯ (ಸಿಹಿಗುಂಬಳಕ್ಕೆ ನಮ್ಮ ಕಡೆಯ ಹೆಸರು) ಸಿಪ್ಪೆಯನ್ನು ಚುಚ್ಚಿ ಮೊಟ್ಟೆಯಿಡುತ್ತದೆ; ಮರಿಹುಳುಗಳು ತಿರುಳನ್ನು ತಿನ್ನುತ್ತಾ ಹೋದಂತೆ ಕಾಯಿ ಬಳ್ಳಿಯಲ್ಲೇ ಕೊಳೆಯುತ್ತದೆ. ಸೂರ್ಯಮುಖಿಯ ಕಾಯಿಗಳಲ್ಲಿ ಆ ಕಾಟ ಎದ್ದು ಕಾಣುವಷ್ಟು ಕಡಿಮೆಯಿತ್ತು. ಹಾಗೆಂದು ಪಕ್ಕದಲ್ಲೇ ಹೀರೆ, ಹಾಗಲ ಬೆಳೆಯುವವರು ಗಂಡು ನೊಣಗಳನ್ನು ವಾಸನೆಯಿಂದ ಸೆಳೆದು ಹಿಡಿಯುವ ಕ್ಯೂ ಲ್ಯೂರ್ ಬಲೆಯನ್ನು ಕಳಚಬಾರದು.

ನೊಣವನ್ನು ತಡೆಯುವ ತಳಿಯೂ ನಮ್ಮ ಜಡಿಮಳೆಯನ್ನು ತಡೆಯಲಾರದು. ಕುಂಬಳದಲ್ಲಿ ಗಂಡುಹೂವು, ಹೆಣ್ಣುಹೂವು ಬೇರೆ ಬೇರೆಯಾಗಿದ್ದು, ಪರಾಗಸ್ಪರ್ಶಕ್ಕೆ ಜೇನು ಬೇಕೇ ಬೇಕು. ಬೆಳಗಿನ ಜಾವ ಅರಳಿದ ಹೂವು ಬಿಸಿಲೇರುವ ಹೊತ್ತಿಗೆ ಮುದುಡುತ್ತದೆ, ಆ ಅಲ್ಪ ಅವಧಿಯಲ್ಲಿ ಮಳೆ ಹೊಯ್ದರೆ ಜೇನು ಗೂಡು ಬಿಟ್ಟು ಬರುವುದಿಲ್ಲ. ಆದ್ದರಿಂದ ಬೆಳಿಗ್ಗೆಯೇ ಗಂಡುಹೂವನ್ನು ಕಿತ್ತು, ಎಸಳು ಬಿಡಿಸಿ, ಬುಡದಲ್ಲಿ ಪುಟ್ಟ ಕಾಯಿ ಹೊತ್ತಿರುವ ಹೆಣ್ಣುಹೂವಿನ ಶಲಾಕಾಗ್ರಕ್ಕೆ (ಹೂವಿನ ನಡುವೆ ಪರಾಗ ಹಿಡಿಯುವ ಅಂಟುತುದಿಗೆ) ಮೆಲ್ಲಗೆ ಸವರುವುದು ಉತ್ತಮ. ಮೊದಮೊದಲು ಬರೀ ಗಂಡುಹೂವೇ ಬಿಡುವುದನ್ನು ಕಂಡು ಬೀಜವನ್ನು ಹಳಿಯಬೇಕಿಲ್ಲ, ಅದು ಕುಂಬಳದ ಸಹಜ ಕ್ರಮ. ಹೆಚ್ಚಾದ ಗಂಡುಹೂವುಗಳಿಂದ ಬಜ್ಜಿ ಮಾಡಬಹುದು. ನೀರು ನಿಲ್ಲದಂತೆ ಮಣ್ಣು ಏರಿಸಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಹಾಕಿದ ಗುಡ್ಡೆಯ ಮೇಲೆ ಬೀಜ ಊರಬೇಕೆನ್ನುವುದನ್ನು ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ.

ಸುಮಾರು 100 ದಿನಗಳಲ್ಲಿ ಮುಗಿಯುವ ಬೆಳೆ ಇದು. ಕಾಯಿ ಒಂದು ಕಿಲೋ ಆಸುಪಾಸು ತೂಗುತ್ತದೆ. ದುಂಡಗೆ, ಮೇಲೆ ಕೆಳಗೆ ಚಪ್ಪಟೆಯಾಗಿ, ಕಿತ್ತಳೆ ಬಣ್ಣದ ಸಿಪ್ಪೆಯ ಮೇಲೆ ಬಿಳಿ ಗೀರುಗಳನ್ನು ಹೊತ್ತಿರುತ್ತದೆ. ಮೂರು ನಾಲ್ಕು ಜನರ ಮನೆಗೆ ಇದು ದೊಡ್ಡ ಅನುಕೂಲ, ಏಕೆಂದರೆ ಹತ್ತು ಕಿಲೋದ ಚೀನಿಕಾಯಿಯನ್ನು ಒಮ್ಮೆ ಹೆಚ್ಚಿದರೆ ಅರ್ಧ ಭಾಗ ನೆರೆಮನೆಗಳಿಗೇ ಹೋಗುತ್ತದೆ. (ಹಂಚಿ ತಿನ್ನುವ ಸುಖ ಬೇಕೆನ್ನುವವರಿಗೆ ಇದೇ ಕೊರತೆಯಾಗಿ ಕಾಣಬಹುದು.)

ಅಡುಗೆಯಲ್ಲಿ ಇದರ ಗಟ್ಟಿ ತಿರುಳು ಪಲ್ಯಕ್ಕೂ ಹುಳಿಗೂ ಹೇಳಿ ಮಾಡಿಸಿದಂತಿದೆ, ಬೆಂದರೂ ಹೋಳು ಕರಗುವುದಿಲ್ಲ. ಭೂಮಿ ಹುಣ್ಣಿಮೆಯ ಕಡುಬಿಗೆ ಮಾತ್ರ ನನ್ನ ಮತ ಊರಿನ ಚೀನಿಕಾಯಿಗೇ. ಅದರ ತುರಿ ಬಿಡುವ ರಸ, ಸಿಹಿ ಎರಡೂ ಹೆಚ್ಚು, ಸೂರ್ಯಮುಖಿಗೆ ಬೆಲ್ಲವನ್ನು ಒಂದು ಹಿಡಿ ಹೆಚ್ಚಾಗಿಯೇ ಹಾಕಬೇಕು. ತಿರುಳಿನ ಕಿತ್ತಳೆ ಬಣ್ಣ ಕೊಡುವ ಕೆರೋಟಿನ್ ದೇಹದಲ್ಲಿ ಎ ಜೀವಸತ್ವವಾಗಿ ಮಾರ್ಪಡುತ್ತದೆ, ಜಿಡ್ಡಿನೊಡನೆ ಸೇವಿಸಿದಾಗಲೇ ಅದು ಚೆನ್ನಾಗಿ ಹೀರಲ್ಪಡುತ್ತದೆ. ಹಾಗಾಗಿ ಕೊಬ್ಬರಿ ಎಣ್ಣೆಯ ಒಗ್ಗರಣೆಯನ್ನು ಪಥ್ಯದ ಹೆಸರಿನಲ್ಲಿ ಬಿಡುವುದು ಸರಿಯಲ್ಲ. ತಿರುಳಿನ ಶೇ. 90ಕ್ಕಿಂತ ಹೆಚ್ಚು ಭಾಗ ನೀರೇ ಆಗಿದ್ದು, 100 ಗ್ರಾಂಗೆ ಸುಮಾರು 26 ಕಿಲೋಕ್ಯಾಲರಿ ಮಾತ್ರ ಸಿಗುತ್ತದೆ. ಬೀಜದ ಲೆಕ್ಕ ಬೇರೆ: ಸಿಪ್ಪೆ ಸುಲಿದ 100 ಗ್ರಾಂ ಒಣಬೀಜದಲ್ಲಿ 30 ಗ್ರಾಂನಷ್ಟು ಪ್ರೋಟೀನ್ ಇದೆ, ಮೆಗ್ನೀಸಿಯಂ ಮತ್ತು ಸತುವೂ ಧಾರಾಳವಾಗಿವೆ. ಹುರಿದು ಚಟ್ನಿಪುಡಿಗೆ ಸೇರಿಸಬಹುದು.

ಇದು ಸಂಕರ ತಳಿಯಲ್ಲವಾದ್ದರಿಂದ ಮುಂದಿನ ವರ್ಷಕ್ಕೆ ಬೀಜ ಉಳಿಸಿಕೊಳ್ಳಬಹುದು. ಸೂರ್ಯಮುಖಿಯು ಕುಕುರ್ಬಿಟಾ ಮ್ಯಾಕ್ಸಿಮಾ ಪ್ರಭೇದಕ್ಕೆ ಸೇರಿದ್ದು. ಕಾಯಿಯನ್ನು ಸೇರುವಲ್ಲಿ ಅಗಲವಾಗುವ, ಐದು ಏಣಿನ ತೊಟ್ಟಿರುವ ಊರಿನ ಚೀನಿಕಾಯಿ ಮೊಸ್ಕಾಟಾ ಪ್ರಭೇದದ್ದು, ಇವೆರಡೂ ಸುಲಭವಾಗಿ ಬೆರಕೆಯಾಗುವುದಿಲ್ಲ. ಅಂಗಡಿಯಲ್ಲಿ ಕೊಳ್ಳುವವರು ಪೊಟ್ಟಣದ ಮೇಲಿನ ಪರೀಕ್ಷೆಯ ದಿನಾಂಕವನ್ನು ತಪ್ಪದೆ ಓದಬೇಕು. ಸಂಸ್ಥೆಯ ಬೀಜ ಪೋರ್ಟಲ್ ಮೂಲಕ ಮನೆಗೇ ತರಿಸಿಕೊಳ್ಳುವುದು ಇನ್ನೂ ಒಳ್ಳೆಯದು, ಮುಂಗಾರಿಗೆ ಮೊದಲೇ ಬೀಜ ಕೈಸೇರುವಂತೆ ಬೇಸಿಗೆಯಲ್ಲೇ ಬೇಡಿಕೆ ಸಲ್ಲಿಸಿರಬೇಕು.